ಬೆಳ್ಳಮ್ಮನ ಹಳೇ ಕಾಫಿ

ಮಳವಳ್ಳಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮಲ್ಲಿಗಮ್ಮನ ಕಾಫಿಪುಡಿ ಅಂಗಡಿ. ಗಂಡ ತೀರಿಕೊಂಡ ಮೇಲೆ ಬೀಜ ಹುರಿಯುವುದು, ಮಿಷನ್ನಿಗೆ ಹಾಕುವುದು, ಗಿರಾಕಿ ಕೇಳಿದಷ್ಟು ಚಿಕೋರಿ ಬೆರೆಸುವುದು ಎಲ್ಲವೂ ಅವಳದೇ.

ಬೆಳ್ಳಮ್ಮ ಬಿಳಿಗಿರಿರಂಗನ ಬೆಟ್ಟದವಳು. ಕಾಡಿನಂಚಿನಲ್ಲಿ ಅವಳ ಅತ್ತೆ ನೆಟ್ಟಿದ್ದ ಎತ್ತರದ ಕಾಫಿ ಗಿಡಗಳಿದ್ದವು. ಆ ತಳಿಗೆ ಬೇರೆ ಹೆಸರಿರಲಿಲ್ಲ. ಹಳೇ ಕಾಫಿ ಅನ್ನುತ್ತಿದ್ದರು ಅಷ್ಟೆ. ಕಾಯಿ ಕಮ್ಮಿ, ರೋಗ ಜಾಸ್ತಿ ಎಂದು ಸುತ್ತಲಿನವರೆಲ್ಲ ಅದನ್ನು ಕಿತ್ತು ಹೊಸ ತಳಿ ಹಾಕಿದ್ದರು. ಆದರೆ ಆ ಬೀಜ ಹುರಿದಾಗ ಏಳುವ ಘಮಕ್ಕೆ ಮಲ್ಲಿಗಮ್ಮ ಮೊದಲ ಸಲವೇ ಸೋತಿದ್ದಳು. ಪ್ರತಿ ಕೊಯ್ಲಿನಲ್ಲೂ ಬೆಳ್ಳಮ್ಮ ಬಸ್ಸಿನಲ್ಲಿ ತರುವ ಮೂಟೆಯನ್ನು ಚೌಕಾಸಿ ಮಾಡದೆ ಕೊಂಡು, ಬೇರೆಯಾಗಿಯೇ ಹುರಿದಿಡುತ್ತಿದ್ದಳು.

ಕೊಳ್ಳುವವರಿರಲಿಲ್ಲ. ಹೋಟೆಲಿನ ದೇವರಾಜು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. “ಚೆನ್ನಾಗದೆ ಕಣಮ್ಮ. ಆದ್ರೆ ನಮ್ ಗಿರಾಕಿಗೆ ಗಟ್ಟಿಗಿರ್ಬೇಕು, ಕಪ್ಪಗಿರ್ಬೇಕು. ಇದ ಕೊಟ್ರೆ ನೀರು ಅಂತಾರೆ.” ಮೈಸೂರಿನಿಂದ ಬಂದ ಗಂಡ ಹೆಂಡತಿ ಇಬ್ಬರು, ಇಂಥ ತಳಿ ಉಳಿಯಲೇಬೇಕು ಎಂದು ಹೊಗಳಿ, ಫೋಟೊ ತೆಗೆದುಕೊಂಡು ಹೋದರು. ಆಮೇಲೆ ಮಲ್ಲಿಗಮ್ಮ ಮಾಡಿದ ಫೋನ್ ಎತ್ತಲಿಲ್ಲ. ಮಿಕ್ಕ ಪುಡಿಯನ್ನು ಅವಳು ಮನಸ್ಸಿಲ್ಲದ ಮನಸ್ಸಿನಿಂದ ಮಾಮೂಲಿ ಪುಡಿಯೊಳಗೆ ಸೇರಿಸಿಬಿಡುತ್ತಿದ್ದಳು.

ಹೋದ ವರ್ಷ ಬೆಳ್ಳಮ್ಮ ಬರಲಿಲ್ಲ. ಮಲ್ಲಿಗಮ್ಮ ಅಂಗಡಿಗೆ ಬೀಗ ಜಡಿದು, ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ ಬೆಟ್ಟಕ್ಕೆ ಹೋದಳು. ಗಿಡಗಳಿದ್ದ ಜಾಗದಲ್ಲಿ ಬೂದಿ ಬಿದ್ದಿತ್ತು.

“ಕಾಂಡದೊಳಕ್ಕೆ ಹುಳ ಹೊಕ್ಬುಡ್ತು ಕನವ್ವ,” ಎಂದಳು ಬೆಳ್ಳಮ್ಮ. “ಸುಡದೆ ಇದ್ರೆ ಅಕ್ಕಪಕ್ಕದೋರ ತೋಟಕ್ಕೂ ಹರಡ್ತದೆ ಅಂದ್ರು. ಮಗನೇ ಬೆಂಕಿ ಇಟ್ಟ.”

“ಒಂದೂ ಉಳೀಲಿಲ್ವಾ?”

ಬೇಲಿಯಾಚೆ ಹಲಸಿನ ಮರದಡಿ ಒಂದಿತ್ತು. ಅದರ ಕಾಂಡದಲ್ಲೂ ತೂತು ಬಿದ್ದಿತ್ತು. ಆದರೂ ಒಂದಿಷ್ಟು ಹಣ್ಣು ಕೆಂಪಗೆ ನಿಂತಿತ್ತು. ಇಬ್ಬರೂ ಬಿಡಿಸಿದರು. ಬೆಳ್ಳಮ್ಮ ಬೀಜಕ್ಕೆ ಬೂದಿ ಸವರಿ, ಬಟ್ಟೆಯಲ್ಲಿ ಕಟ್ಟಿ ಕೊಟ್ಟಳು. “ಬಿರ್ನೆ ಹಾಕ್ಬುಡವ್ವ. ಇಟ್ಟಷ್ಟೂ ಮೊಳೆಯಾಕಿಲ್ಲ.”

ಮಲ್ಲಿಗಮ್ಮನ ತಂಗಿ ಪಟ್ಟಲಮ್ಮನಿಗೆ ಕೊತ್ತತ್ತಿಯಲ್ಲಿ ತೆಂಗಿನ ತೋಟವಿತ್ತು. ಅಲ್ಲಿ ನೆರಳಲ್ಲಿ ಪಾತಿ ಮಾಡಿ ಬಿತ್ತಿದರು. ತಿಂಗಳು ಕಳೆದು ಇನ್ನೇನು ಆಸೆ ಬಿಡಬೇಕು ಅನ್ನುವಾಗ ಮೊಳಕೆ ತಲೆ ಎತ್ತಿತು. ಮಲ್ಲಿಗಮ್ಮ ಪ್ರತಿ ಭಾನುವಾರ ಹೋಗಿ ಮುಟ್ಟಿ ನೋಡಿ ಬರುತ್ತಿದ್ದಳು. ಕೃಷಿ ಸಂಶೋಧನೆ ನಡೆಯುವ ವಿ.ಸಿ. ಫಾರಂನಲ್ಲಿ ಕೆಲಸಕ್ಕಿದ್ದ ಪಕ್ಕದ ಮನೆಯವರು ಕಂಡು, “ಇದು ಬೆಟ್ಟದ ತಂಪಿನ ಗಿಡ ಕಣಮ್ಮ, ಇಲ್ಲಿನ ಸೆಕೆ ತಡೆಯೋದು ಕಷ್ಟ,” ಎಂದರು. ಅವಳು ಕೇಳಿಸಿಕೊಳ್ಳಲಿಲ್ಲ.

ಬೇಸಿಗೆಯಲ್ಲಿ ನಾಲೆ ನೀರು ನಿಂತಿತು. ಬಿಸಿಲಿಗೆ ಅಡ್ಡವಾಗಿ ಗೋಣಿತಾಟು ಕಟ್ಟಿದರು, ಬಿಂದಿಗೆಯಲ್ಲಿ ಹೊತ್ತು ಹುಯ್ದರು. ಎಲೆಗಳು ಅಂಚಿನಿಂದ ಸುಟ್ಟುಕೊಂಡು ಬಂದವು. “ಅಕ್ಕಯ್ಯ, ಇವತ್ತು ಕೊನೇದೂ ಓಯ್ತು. ನಾನೇನ್ ಮಾಡ್ಲಿ?” ಎಂದು ಪಟ್ಟಲಮ್ಮ ಫೋನಿನಲ್ಲಿ ಅತ್ತಳು.

ಮಳೆಗಾಲದಲ್ಲಿ ಬೆಳ್ಳಮ್ಮ ಅಂಗಡಿಗೆ ಬಂದಳು. ಹಲಸಿನಡಿಯ ಗಿಡವೂ ಒಣಗಿತ್ತು. ಮಗ ಹೊಸ ತಳಿಯ ಸಸಿ ತಂದಿದ್ದ. ಅವಳೀಗ ಮಳವಳ್ಳಿಯ ಮಗಳ ಮನೆಯಲ್ಲಿದ್ದಳು.

“ಸಸಿ ಎಷ್ಟುದ್ದ ಆದ್ವವ್ವ?”

ಮಲ್ಲಿಗಮ್ಮನ ಬಾಯಿಗೆ ಸುಳ್ಳು ಬಂತು, ಆಡಲಾಗಲಿಲ್ಲ. “ಒಂದೂ ನಿಲ್ಲಿಲ್ಲ ಬೆಳ್ಳಮ್ಮ.”

ಬೆಳ್ಳಮ್ಮ ಅಲ್ಲೇ ಇದ್ದ ಮೂಟೆಯಿಂದ ಒಂದು ಹಿಡಿ ಬೀಜ ತೆಗೆದು ನೋಡಿದಳು. ಆಮೇಲೆ, “ಸುಮ್ನೆ ಕೂತ್ರೆ ಹೊತ್ತೋಗಾಕಿಲ್ಲ. ಇಲ್ಲೇನಾರ ಕೆಲ್ಸ ಇದ್ರೆ ಮಾಡ್ತೀನಿ,” ಎಂದಳು.

ಮಲ್ಲಿಗಮ್ಮ ಮೊರ ಕೊಟ್ಟಳು. ಯಾರದೋ ತೋಟದಿಂದ ಬಂದ ಬೀಜವನ್ನು ಸುರುವಿಕೊಂಡು ಬೆಳ್ಳಮ್ಮ ಕೆಟ್ಟ ಕರಿಕಾಳು ಆರಿಸತೊಡಗಿದಳು.