ರಜಾಯಿ ಹೊದಿಸದ ಮೂರು ದಿನ

ಮೊಮ್ಮಗಳು ನಾಜಿಯಾ ಹುಟ್ಟಿದ ವರ್ಷ ನಾನು ಉಮದಿಯಲ್ಲಿ ಗಾದಿ, ರಜಾಯಿ ಹೊಲಿಯುತ್ತಿದ್ದೆ. ಈಗಲೂ ಅದೇ ಕೆಲಸ. ಕನ್ನಡ ಸಾಲಿಯ ನಾಲ್ಕನೇ ಇಯತ್ತೆಗೆ ನನ್ನ ಓದು ಮುಗಿದು, ಅಪ್ಪನ ಜೊತೆ ಹತ್ತಿ ಹಿಂಜುವುದು ಶುರುವಾಗಿತ್ತು. ಗಡಿಯಾಚೆಯ ಜತ್ ತಾಲ್ಲೂಕಿನ ಈ ಭಾಗದಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಪುಟ್ಟ ರಜಾಯಿಗೆ ನನ್ನ ಅಂಗಡಿಗೇ ಬರುತ್ತಾರೆ. ಹಸುಗೂಸನ್ನು ಬೆಚ್ಚಗಿಡುವುದೇ ನನ್ನ ಕಸುಬು. ಆ ಕಸುಬೇ ತಲೆಕೆಳಗಾದ ಪ್ರಸಂಗವಿದು. ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ.

ಆಗ ಚಳಿಗಾಲ. ಊರಿನ ದವಾಖಾನೆಯಲ್ಲಿ ಮಗಳು ಶಬಾನಾಳ ಹೆರಿಗೆಯಾಗುವಾಗ ಹೊಕ್ಕುಳಬಳ್ಳಿ ಕೂಸಿನ ಕುತ್ತಿಗೆಗೆ ಬಿಗಿದಿತ್ತು. ಹುಟ್ಟಿದ ಕೂಸು ಅಳಲಿಲ್ಲ. ನರ್ಸ್ ಮೂಗು ಬಾಯಿಗೆ ಮಾಸ್ಕ್ ಇಟ್ಟು, ರಬ್ಬರ್ ಚೀಲ ಒತ್ತಿ ಒತ್ತಿ ಉಸಿರು ತುಂಬಿದ ಮೇಲೆ ಒಂದು ನರಳಿಕೆ ಬಂತು. ಬದುಕಿತು ಅಂದುಕೊಂಡೆವು. ಡಾಕ್ಟರ್ ಮಾತ್ರ ಲಗುಬಗೆಯಿಂದ ವಿಜಯಪುರಕ್ಕೆ ಒಯ್ಯಲು ಹೇಳಿದರು. ಶಬಾನಾಳನ್ನು ಅವಳ ಅತ್ತೆಯ ಹತ್ತಿರ ಬಿಟ್ಟು ನಾನು, ಹೆಂಡತಿ ಹುಸೇನಬಿ, ಅಳಿಯ ರಫೀಕ್ ಆಂಬುಲೆನ್ಸ್ ಹತ್ತಿದೆವು. ನನ್ನ ಬಗಲಲ್ಲಿ ಮೊಳದುದ್ದದ ಹೊಸ ರಜಾಯಿ.

ದಾರಿಯಲ್ಲಿ ಕೂಸು ಬಾಯಿ ಚಪ್ಪರಿಸತೊಡಗಿತು. ಕಾಲುಗಳು ಸೈಕಲ್ ತುಳಿದಂತೆ ಆಡುತ್ತಿದ್ದವು.

“ನೋಡ್ರಿ, ಹಾಲು ಬೇಡಾಕತ್ತೈತಿ,” ಎಂದಳು ಹುಸೇನಬಿ. “ಥೇಟ್ ನಿಮ್ಮಂಗ. ಹುಟ್ಟಿದ ಕೂಡ್ಲೇ ಊಟದ ಚಿಂತಿ.”

ನಾನೂ ನಕ್ಕೆ.

ವಿಜಯಪುರದ ಮಕ್ಕಳ ಡಾಕ್ಟರು ಹೆಂಗಸು; ಅಂಥವರನ್ನು ನಮ್ಮ ಕಡೆ ‘ಬಾಯಿ’ ಎನ್ನುತ್ತೇವೆ. ಅವರು ಆ ಪುಟ್ಟ ಕಾಲನ್ನು ಮೆಲ್ಲಗೆ ಹಿಡಿದರು. ಅವರ ಕೈಯೊಳಗೂ ಅದರ ತುಳಿತ ನಿಲ್ಲಲಿಲ್ಲ. “ಅಜ್ಜಾರ, ಇದು ಹಸಿವಲ್ಲ. ಫಿಟ್ಸ್,” ಎಂದರು. ಕೂಡಲೇ ಔಷಧ ಕೊಟ್ಟು, ಮೆದುಳಿನ ಅಲೆ ನೋಡುವ ಮಷೀನಿನ ತಂತಿಗಳನ್ನು ತಲೆಗೆ ಹಚ್ಚಿಸಿದರು.

ಆಮೇಲೆ ನನ್ನಂಥವನಿಗೂ ತಿಳಿಯುವಂತೆ ಹೇಳಿದರು. ಮೆದುಳಿನ ಕೋಶಗಳು ಒಂದಕ್ಕೊಂದು ಕರೆಂಟಿನಲ್ಲಿ ಮಾತಾಡುತ್ತವಂತೆ. ಆಕ್ಸಿಜನ್ ಸಾಲದಿದ್ದರೆ ಅವುಗಳ ಶಕ್ತಿ ಬರಿದಾಗಿ, ಕರೆಂಟ್ ಹಿಡಿತ ತಪ್ಪಿ, ಎಲ್ಲ ಒಟ್ಟಿಗೆ ಸಿಡಿಯುತ್ತವೆ. ಅದೇ ಫಿಟ್ಸ್. ದೊಡ್ಡವರ ಮೆದುಳಿನಲ್ಲಿ ಇದಕ್ಕೆ ಬ್ರೇಕ್ ಹಾಕಲು ‘ಗಾಬಾ’ ಎಂಬ ರಸಾಯನವಿದೆ. ಬೆಳೆಯುತ್ತಿರುವ ಮೆದುಳಿನಲ್ಲಿ ಅದೇ ರಸಾಯನ ಎಷ್ಟೋ ಕೋಶಗಳನ್ನು ತಡೆಯುವ ಬದಲು ಎಬ್ಬಿಸುತ್ತದೆ. ಹಾಗೆ ಎಬ್ಬಿಸಿಯೇ ಮೆದುಳು ತನ್ನ ಎಳೆಗಳನ್ನು ಜೋಡಿಸಿಕೊಳ್ಳುತ್ತದೆ. ಅದಕ್ಕೇ ಹಸುಗೂಸಿಗೆ ಫಿಟ್ಸ್ ಬೇಗ ಬರುತ್ತದೆ. ನನ್ನ ಅಂಗೈಯಲ್ಲಿ ಹಿಡಿಸುವ ತಲೆಯೊಳಗೆ ಇಷ್ಟು ದೊಡ್ಡ ಕಾರಖಾನೆ ನಡೆದಿತ್ತು.

“ಹುಟ್ಟಿ ಆರು ತಾಸಿನೊಳಗ ಮೈ ತಂಪ ಮಾಡಬೇಕು. ಮೂರು ದಿನ ಹಂಗೇ ಇಡ್ತೀವಿ,” ಎಂದರು ಬಾಯಿ. “ರಜಾಯಿ ಬ್ಯಾಡ.”

“ಹಸಿಗೂಸಿನ್ನ ಯಾರರ ಥಂಡ್ಯಾಗ ಹಾಕತಾರೇನ್ರಿ?” ಹುಸೇನಬಿ ಅಡ್ಡ ನಿಂತಳು.

ಒಪ್ಪಿಗೆಯ ಕಾಗದ ಹಿಡಿದು ರಫೀಕ್ ನನ್ನತ್ತ ತಿರುಗಿದ. “ಮಾವಾ, ಹೊದಿಸೋದು ನಿಮ್ಮ ಕಸುಬು. ನೀವು ಹ್ಞೂ ಅಂದ್ರ ಸಹಿ ಮಾಡ್ತೀನಿ.”

“ಉಸಿರು ಬಂದೈತಲ್ರಿ ಬಾಯಾರ, ಇನ್ನ್ಯಾಕ ಥಂಡಿ?” ಎಂದೆ.

“ಉಸಿರು ಬಂದದ. ಒಳಗಿನ ಹಾನಿ ನಿಂತಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತ ತಿರುಗಿ ಏಳ್ತದ. ತಂಪ ಇಟ್ರ ಅದರ ಜೋರು ಇಳೀತದ.”

ನನಗೆ ಥಟ್ಟನೆ ಹೊಳೆಯಿತು. ಹತ್ತಿಯ ಗಂಟಿಗೆ ಕಿಡಿ ಬಿದ್ದರೆ ಮೇಲೆ ನೀರು ಹೊಡೆಯುತ್ತೇವೆ, ಹೊಗೆ ನಿಲ್ಲುತ್ತದೆ. ಒಳಗೆ ಮಾತ್ರ ಸದ್ದಿಲ್ಲದೆ ಸುಡುತ್ತಿರುತ್ತದೆ. ಅಂಥ ಗಂಟಿನ ಮೇಲೆ ಯಾರೂ ಏನನ್ನೂ ಮುಚ್ಚುವುದಿಲ್ಲ.

“ಅಂದ್ರ ಹತ್ತಿ ಗಂಟಿನ್ಯಾಗ ಕಿಡಿ ಉಳಿದಂಗ.”

“ಹ್ಞೂ ಅಜ್ಜಾರ, ಹಂಗ ತಿಳೀರಿ.”

“ಸಹಿ ಮಾಡೋ ರಫೀಕ,” ಎಂದೆ.

“ಊರ ಕೂಸುಗೋಳಿಗೆಲ್ಲ ಹೊಲದ್ರಿ, ನಮ್ಮ ಕೂಸಿಗೆ ಬರೀ ಮೈ,” ಎಂದು ಹುಸೇನಬಿ ಮುಖ ತಿರುಗಿಸಿ ಕುಳಿತಳು.

ತಣ್ಣೀರು ಹರಿಯುವ ಹಾಸಿಗೆಯ ಮೇಲೆ ನಾಜಿಯಾ ಬರಿಮೈಯಲ್ಲಿ ಮಲಗಿದಳು. ಮಷೀನು ಮೈಯ ಕಾವನ್ನು ಮೂವತ್ತಮೂರೂವರೆ ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಟ್ಟಿತ್ತು. ಕೈ ತೊಳೆಸಿ ಒಳಗೆ ಬಿಟ್ಟಾಗ ಪಾದ ಮುಟ್ಟಿ ನೋಡಿದೆ. ಅಷ್ಟು ತಣ್ಣಗಿನ ಪಾದಗಳನ್ನು ನಾನು ಅದುವರೆಗೆ ಮಯ್ಯತ್ತಿನಲ್ಲಿ, ಹೆಣ ತೊಳೆಯುವಾಗ ಮಾತ್ರ ಮುಟ್ಟಿದ್ದೆ. ಸಹಿ ಮಾಡಿಸಿದವನು ನಾನೇ ಎಂಬುದು ಎದೆಯಲ್ಲಿ ಕಲ್ಲಿನಂತೆ ಕುಳಿತಿತ್ತು.

ಮೂರು ದಿನ ಕಳೆದ ಮೇಲೆ ನಿಧಾನವಾಗಿ, ಒಂದು ತಾಸಿಗೆ ಅರ್ಧ ಡಿಗ್ರಿ ಮೀರದಂತೆ, ಮೈ ಬೆಚ್ಚಗೆ ಮಾಡಿದರು. ಅವಸರಪಟ್ಟರೆ ಫಿಟ್ಸ್ ಮರಳಬಹುದಂತೆ. ಬಿಸಿಯೂಡುವುದಕ್ಕೂ ಇಷ್ಟು ನಾಜೂಕಿನ ಅಳತೆ ಇದೆ ಎಂದು ರಜಾಯಿ ಹೊಲಿಯುವ ನನಗೆ ಆಗಲೇ ತಿಳಿದದ್ದು. ನಾಜಿಯಾ ಕಣ್ಣು ಬಿಟ್ಟಳು. ಮತ್ತೆರಡು ದಿನಕ್ಕೆ, ಅಷ್ಟರಲ್ಲಿ ವಿಜಯಪುರಕ್ಕೆ ಬಂದಿದ್ದ ಶಬಾನಾಳ ಎದೆಹಾಲು ಎಳೆದು ಕುಡಿದಳು. ಹುಸೇನಬಿ ಡಾಕ್ಟರ್ ಬಾಯಿಯ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಹೀಗೆ ಪಾರಾಗದ ಮಕ್ಕಳೂ ಇದ್ದಾರೆ, ಬೆಳವಣಿಗೆ ನೋಡಿಯೇ ಹೇಳಬೇಕು ಎಂದಿದ್ದರು ಬಾಯಿ. ಎರಡು ವರ್ಷ ತಪ್ಪದೆ ತಪಾಸಣೆಗೆ ಒಯ್ದೆವು. ಹೋದ ವಾರ ನಾಜಿಯಾಳನ್ನು ನಡೆಸಿದರು, ಓಡಿಸಿದರು, ಮಾತಾಡಿಸಿದರು. “ಭಾಳ ಚಲೋ ಅದಾಳ. ಇನ್ನ ನೀವು ಆರಾಮಿರ್ರಿ,” ಎಂದರು.

ಈಗ ಕೂಸಿನ ರಜಾಯಿ ಕೇಳಿ ಬಂದವರಿಗೆಲ್ಲ ಹೇಳುತ್ತೇನೆ: ಮನೆಯಲ್ಲಿ ಕೂಸನ್ನು ಬೆಚ್ಚಗೇ ಇಡಿ, ತಂಪು ಮಾಡುವುದು ಆಸ್ಪತ್ರೆಯ ಕೆಲಸ. ಖಾಲಿ ಬಾಯಿ ಚಪ್ಪರಿಸುತ್ತ ಕಾಲು ತುಳಿಯುವುದು ಕೈಯಿಂದ ಹಿಡಿದರೂ ನಿಲ್ಲದಿದ್ದರೆ ನಗುತ್ತ ಕೂರಬೇಡಿ, ಹೊರಡಿ. ಹೊದಿಸುವ ಕೈಗೆ ಯಾವಾಗ ಹೊದಿಸಬಾರದೆಂಬುದೂ ಗೊತ್ತಿರಬೇಕು. ಇಷ್ಟು ವರ್ಷದ ಕಸುಬಿನಲ್ಲಿ ನಾನು ಕೊನೆಗೆ ಕಲಿತ ಪಾಠ ಇದು.

ಇದನ್ನು ಬರೆಯುತ್ತಿರುವಾಗಲೇ ನಾಜಿಯಾ, ಬೆಳಗಿನಿಂದ ಹಿಂಜಿಟ್ಟ ಹತ್ತಿಯ ರಾಶಿಗೆ ಹಾರಿ ಹೊರಳಾಡುತ್ತಿದ್ದಾಳೆ. ಅರ್ಧ ಹತ್ತಿ ಅಂಗಳದ ಪಾಲಾಯಿತು. ಗದರಿಸೋಣವೆಂದು ಬಾಯಿ ತೆರೆದರೆ ನಗುವೇ ಬರುತ್ತಿದೆ.