ಚಪ್ಪಲಿ ಸ್ಟ್ಯಾಂಡಿನ ಮೇಲಿನ ಆಪಲ್

ನಾನು ಆಪಲ್ ಕೇಕ್ ಮಾಡಿದ ದಿನ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಯಾರಿಗೂ ಬೇರೆ ಹೇಳಬೇಕಾಗುವುದಿಲ್ಲ. ದಾಲ್ಚಿನ್ನಿಯ ಪರಿಮಳವೇ ಮೆಟ್ಟಿಲು ಹತ್ತಿ ಇಳಿದು ಎಲ್ಲರ ಮನೆಗೂ ಸುದ್ದಿ ಮುಟ್ಟಿಸುತ್ತದೆ. ಪಕ್ಕದ ಮನೆಯ ಮರಾಠಿ ಹೆಂಗಸು, ನಮಗೆಲ್ಲ ಕಾಕು, ಏನೋ ಒಂದು ನೆಪ ಹಿಡಿದು ಬಂದು ಅಡುಗೆಮನೆಯ ಬಾಗಿಲಲ್ಲೇ ನಿಲ್ಲುತ್ತಾರೆ. ಕಾಲೇಜಿನಿಂದ ಬಂದ ಮಗಳು ಬ್ಯಾಗು ಬಿಸಾಡಿ, "ಮಮ್ಮಿ, ಆಪಲ್‌ವಾಲಾ ಹೈ ಕ್ಯಾ?" ಎಂದು ಕೇಳುತ್ತಾಳೆ. ನನ್ನ ಗಂಡ ಹೋಟೆಲಿನ ಕೌಂಟರಿನಲ್ಲಿ ಮೂವತ್ತು ವರ್ಷ ಕೂತು ಸಿಹಿ ಎಂದರೆ ಮುಖ ತಿರುಗಿಸುವವರು. ಅವರೂ ಎರಡು ತುಂಡು ತಿನ್ನುತ್ತಾರೆ.

ಎಂತ ಉಂಟು ಮಾರಾಯ್ರೆ ಈ ಆಪಲಿನಲ್ಲಿ? ಮಾವಿನ ಹಾಗೆ ಪರಿಮಳ ಇಲ್ಲ, ಹಲಸಿನ ಹಾಗೆ ಹೊಟ್ಟೆ ತುಂಬುವುದಿಲ್ಲ. ಹಾಗೇ ತಿಂದರೆ ಹತ್ತರಲ್ಲಿ ಐದು ಬರೀ ಹಿಟ್ಟು ಹಿಟ್ಟು. ಆದರೆ ಬೆಣ್ಣೆ, ಬೆಲ್ಲ, ಬಿಸಿ ಸೇರಿದರೆ ಸಾಕು, ಜನ ಮರುಳಾಗುತ್ತಾರೆ. "ಎಲ್ಲಿ ಕಲಿತದ್ದು?" ಎಂದು ಕೇಳುತ್ತಾರೆ. ಮೊಬೈಲಿನಲ್ಲಿ ನೋಡಿ ಕಲಿತೆ ಅನ್ನುತ್ತೇನೆ. ಅದು ಸುಳ್ಳಲ್ಲ. ಯಾಕೆ ಕಲಿತೆ ಎಂದು ಮಾತ್ರ ಇವತ್ತಿನವರೆಗೆ ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ.

ನನ್ನ ಅಮ್ಮನಿಗೆ ಆಪಲ್ ಅಂದರೆ ಆಗುತ್ತಿರಲಿಲ್ಲ. ಉಡುಪಿ ಕಡೆಯ ಅವಳ ತವರಿನಲ್ಲಿ, ಅವಳು ಚಿಕ್ಕವಳಿದ್ದಾಗ, ಆಪಲ್ ಎಂದರೆ ಕಾಯಿಲೆಯವರ ಹಣ್ಣು. ಗಟ್ಟಿಯಾಗಿದ್ದವರು ಬಾಳೆಹಣ್ಣು ತಿನ್ನಬೇಕು. ಪೇಟೆಯಿಂದ ಯಾರಾದರೂ ಕಾಗದದ ತೊಟ್ಟೆಯಲ್ಲಿ ಮೂರು ಆಪಲ್ ಹಿಡಿದುಕೊಂಡು ಬಂದರೆ ಒಳಗೆ ಮಲಗಿದವರ ಕತೆ ಮುಗಿಯಿತು ಎಂದೇ ಲೆಕ್ಕ. "ನಮ್ಮ ಮನೆಗೆ ಎರಡೇ ಸಲ ಆಪಲ್ ಬಂದದ್ದು. ಒಮ್ಮೆ ಅಜ್ಜ ಹೋಗುವಾಗ, ಒಮ್ಮೆ ಅಪ್ಪ ಹೋಗುವಾಗ. ಎರಡು ಸಲವೂ ತಿಂದದ್ದು ನಾನು ಮತ್ತು ನನ್ನ ತಂಗಿ. ಹೋಗುವವರಿಗೆ ಎಲ್ಲಿ ತಿನ್ಲಿಕ್ಕೆ ಆಗ್ತದೆ?" ಎಂದು ಹೇಳಿ ನಗುತ್ತಿದ್ದಳು. ಸಾವಿನ ವಿಷಯ ಹೇಳಿ ನಗುವುದು ಅವಳಿಗೆ ಮೊದಲಿನಿಂದಲೂ ಅಭ್ಯಾಸ.

ಮೂರು ವರ್ಷದ ಹಿಂದೆ ಅವಳಿಗೇ ಕಾಯಿಲೆ ಬಂತು. ಹೊಟ್ಟೆಯಲ್ಲಿ ಗಡ್ಡೆ, ಕೈಮೀರಿ ಹೋಗಿದೆ, ನಾಲ್ಕು ತಿಂಗಳು ಹೆಚ್ಚೆಂದರೆ ಅಂದರು ಡಾಕ್ಟರು. ಆಗ ಅವಳು ನೆರೂಳದಲ್ಲಿ ಅಣ್ಣನ ಮನೆಯಲ್ಲಿದ್ದಳು. ಅಣ್ಣ ರಿಪೋರ್ಟನ್ನು ತನ್ನ ಆಫೀಸ್ ಬ್ಯಾಗಿನೊಳಗೆ ಇಟ್ಟುಕೊಂಡು ನನ್ನನ್ನು ಸ್ಟೇಷನ್ನಿಗೆ ಕರೆಸಿದ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಇಬ್ಬರೂ ಅತ್ತೆವು. ಕಣ್ಣು ಒರೆಸಿಕೊಂಡು ಅವನು ಹೇಳಿದ, "ಅಮ್ಮನಿಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ನಾಳೆಯೇ ಕುಸೀತಾಳೆ. ಅಲ್ಸರ್ ಅಂತ ಹೇಳುವ." ನಾನು ತಲೆ ಆಡಿಸಿದೆ. ನಮ್ಮಲ್ಲಿ ಎಲ್ಲರೂ ಹೀಗೆಯೇ ಮಾಡುವುದು. ಕಾಯಿಲೆ ಯಾರದ್ದೋ ಅವರನ್ನೊಬ್ಬರನ್ನು ಬಿಟ್ಟು ಊರಿಗೆಲ್ಲ ಹೇಳುತ್ತೇವೆ. ಅದಕ್ಕೆ ಪ್ರೀತಿ ಎಂದು ಹೆಸರಿಡುತ್ತೇವೆ.

ಅಣ್ಣ ಅತ್ತಿಗೆ ಇಬ್ಬರಿಗೂ ಡ್ಯೂಟಿ ಇತ್ತು, ಅದಕ್ಕೆ ಅಮ್ಮನನ್ನು ನಾನು ಡೊಂಬಿವಲಿಗೆ ಕರೆದುಕೊಂಡು ಬಂದೆ. ಹಾಲಿನಲ್ಲೇ, ಕಿಟಕಿಯ ಹತ್ತಿರ, ಮಂಚ ಹಾಕಿದೆ. ಒಂದು ವಾರ ಆಗಲಿಲ್ಲ, ನೋಡಲು ಬರುವವರು ಶುರುವಾದರು. ಗಂಡನ ಹೋಟೆಲಿನವರು, ಥಾಣೆಯ ನೆಂಟರು, ಬಿಲ್ಡಿಂಗಿನ ಹೆಂಗಸರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕಿಲೋ ಆಪಲ್! ಊರಿನ ಹಳೇ ರೂಢಿ ಮುಂಬೈಗೆ ಬಂದು ಇನ್ನಷ್ಟು ದಪ್ಪವಾಗಿದೆ. ಮೊದಲನೆಯ ದಿನವೇ ಅಮ್ಮ ಆ ತೊಟ್ಟೆಯನ್ನು ನೋಡಿದ ರೀತಿ ನೋಡಿ ನಾನು ಅದನ್ನು ಬೇಗ ಒಳಗೆ ಒಯ್ದೆ. ಅಲ್ಸರ್ ಕತೆ ಇನ್ನು ಎಷ್ಟು ದಿನ ನಿಲ್ಲುತ್ತದೆ?

ಅಂದಿನಿಂದ ಬರುವವರಿಗೆ ನಾನು ಮೊದಲೇ ಫೋನು ಮಾಡಿ ಹೇಳತೊಡಗಿದೆ. ಅಳಬೇಡಿ. ಕಾಯಿಲೆಯ ಹೆಸರು ಎತ್ತಬೇಡಿ. ಹಣ್ಣು ಅವಳ ಕೈಗೆ ಕೊಡಬೇಡಿ, ಹೊರಗೆ ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟು ಒಳಗೆ ಬನ್ನಿ. ಎಲ್ಲರೂ ಪಾಪ ಹಾಗೇ ಮಾಡಿದರು. ಅವರು ಹೋದ ಮೇಲೆ ನಾನು ಕಳ್ಳಿಯ ಹಾಗೆ ಹೊರಗೆ ಹೋಗಿ ತೊಟ್ಟೆಯನ್ನು ಸೆರಗಿನ ಅಡಿಯಲ್ಲಿ ಅಡುಗೆಮನೆಗೆ ಸಾಗಿಸುತ್ತಿದ್ದೆ. ಆದರೆ ಎಷ್ಟೂಂತ ಮುಚ್ಚಿಡುವುದು? ಫ್ರಿಜ್ಜು ತುಂಬಿತು, ಅಕ್ಕಿ ಡಬ್ಬದ ಹಿಂದೆ ತುಂಬಿತು. ಎಸೆಯಲು ಮನಸ್ಸು ಬರಲಿಲ್ಲ. ಹಾಗೆ ಶುರುವಾದದ್ದು ಈ ಕೇಕು.

ಅಮ್ಮ ಮಧ್ಯಾಹ್ನ ನಿದ್ದೆ ಹೋದ ಮೇಲೆ ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಸಿಪ್ಪೆ ತೆಗೆಯುತ್ತಿದ್ದೆ. ಸಿಪ್ಪೆ, ಬೀಜ, ಹಣ್ಣಿನ ಮೇಲಿನ ಸ್ಟಿಕ್ಕರು, ಎಲ್ಲವನ್ನೂ ಪೇಪರಿನಲ್ಲಿ ಸುತ್ತಿ ಕಾಕುವಿನ ಮನೆಯ ಕಸದ ಬುಟ್ಟಿಗೆ ಹಾಕುತ್ತಿದ್ದೆ. ಹಣ್ಣನ್ನು ತುರಿದು ಬೆಲ್ಲದ ಜೊತೆ ಸ್ವಲ್ಪ ಬಾಡಿಸಿ ನೀರು ಆರಿಸಬೇಕು, ಇಲ್ಲದಿದ್ದರೆ ಕೇಕು ತಳದಲ್ಲಿ ಹಸಿ ಉಳಿಯುತ್ತದೆ. ಗೋಧಿ ಹಿಟ್ಟು, ಬೆಣ್ಣೆ, ಮೊಸರು, ಸೋಡಾ. ದಾಲ್ಚಿನ್ನಿ ಮಾತ್ರ ಕೈ ಬಿಚ್ಚಿ ಹಾಕುತ್ತಿದ್ದೆ, ಆಪಲಿನ ವಾಸನೆ ಅಡಗಲಿ ಎಂದು. ಮೊದಲ ಎರಡು ಸಲ ಕಲ್ಲಾಯಿತು. ಮೂರನೆಯದು ಹದವಾಗಿ ಬಂತು. ಅದನ್ನು ಪ್ಲೇಟಿನಲ್ಲಿ ಹಿಡಿದು ಹೋಗಿ, "ಬಾಳೆಹಣ್ಣಿನ ಕೇಕ್ ಮಾಡಿದ್ದೇನೆ ನೋಡು" ಎಂದೆ. ಅಮ್ಮ ಎರಡು ಬೆರಳಿನಷ್ಟು ಮುರಿದು ಬಾಯಿಗೆ ಹಾಕಿಕೊಂಡಳು. ನನ್ನ ಮುಖವನ್ನೇ ನೋಡುತ್ತ ಅಗಿದಳು. "ಲಾಯ್ಕುಂಟು" ಅಂದಳು. ಅನ್ನ ಗಂಟಲಲ್ಲಿ ಇಳಿಯದಿದ್ದ ದಿನಗಳಲ್ಲೂ ಆ ಕೇಕು ಇಷ್ಟಿಷ್ಟು ಇಳಿಯುತ್ತಿತ್ತು. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಒಂದು ವಿಷಯ ಹೇಳಬೇಕು. ಅಮ್ಮನಿಗೆ ಇದ್ದವಳು ಒಬ್ಬಳೇ ತಂಗಿ, ಬದಲಾಪುರದಲ್ಲಿ. ಡೊಂಬಿವಲಿಯಿಂದ ಆರನೆಯ ಸ್ಟೇಷನ್. ಇಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಕಾರಣ ಕೇಳಿದರೆ ನಗುತ್ತೀರಿ. ಅಣ್ಣನ ನೆರೂಳದ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಅಮ್ಮ ತಂಗಿಯ ಮನೆಗೆ ಹೋಗಿ ಕರೆಯಲಿಲ್ಲ, ಫೋನಿನಲ್ಲಿ ಕರೆದಳು. ಚಿಕ್ಕಮ್ಮ ಬರಲಿಲ್ಲ. ಬರಲಿಲ್ಲ ಎಂದು ಅಮ್ಮನಿಗೆ ಸಿಟ್ಟು, ಬಂದು ಕರೆಯಲಿಲ್ಲ ಎಂದು ಚಿಕ್ಕಮ್ಮನಿಗೆ ಸಿಟ್ಟು. ಅಷ್ಟೇ. ಹಣ್ಣು ತರುವವರು ಶುರುವಾದಾಗಿನಿಂದ ಅಮ್ಮ ಸಂಜೆ ಹೊತ್ತು ಬಾಗಿಲ ಕಡೆಗೆ ಮುಖ ಮಾಡಿ ಮಲಗುತ್ತಿದ್ದಳು. ನಾನು ಗಮನಿಸಿದ್ದೆ. "ಚಿಕ್ಕಮ್ಮನಿಗೆ ಹೇಳುವನಾ?" ಎಂದು ಅಣ್ಣನನ್ನು ಕೇಳಿದೆ. "ಹುಚ್ಚಾ ನಿನಗೆ? ಅವರು ಬಂದು ನಿಂತ್ರೆ ಅಮ್ಮನಿಗೆ ಬೇರೆ ಹೇಳ್ಬೇಕಾ?" ಅಂದ.

ಯಾರು ಹೇಳಿದರೋ, ಒಂದು ಮಂಗಳವಾರ ಹನ್ನೊಂದು ಗಂಟೆಗೆ ಚಿಕ್ಕಮ್ಮ ತಾವಾಗಿಯೇ ಬಂದುಬಿಟ್ಟರು. ಬಾಗಿಲು ತೆರೆದರೆ ಅವರು. ಕೂದಲು ಪೂರಾ ಬೆಳ್ಳಗಾಗಿತ್ತು. ಕೈಯಲ್ಲಿ ಬಟ್ಟೆಯ ಚೀಲ, ಅದರಲ್ಲಿ ನಾಲ್ಕು ಆಪಲ್. ಆಗಲೇ ಒಂದು ಚಪ್ಪಲಿ ಬಿಚ್ಚಿಯಾಗಿತ್ತು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

"ಚಿಕ್ಕಮ್ಮ, ಈಗ ಬೇಡ. ಅವಳಿಗೆ ಏನೂ ಗೊತ್ತಿಲ್ಲ. ಹನ್ನೊಂದು ವರ್ಷ ಮಾತಾಡದವರು ಸುಮ್ಮನೆ ಬರ್ತಾರಾ? ನಿಮ್ಮನ್ನು ನೋಡಿದ ಕೂಡ್ಲೇ ಅವಳಿಗೆ ಎಲ್ಲ ಗೊತ್ತಾಗ್ತದೆ."

ಜಗಳ ಮಾಡುತ್ತಾರೆ ಅಂದುಕೊಂಡಿದ್ದೆ. ಜಗಳ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು! ನನ್ನನ್ನು ಆಚೆ ದಬ್ಬಿ ಒಳಗೆ ನುಗ್ಗಿದ್ದರೆ ಇವತ್ತು ಅವರ ಕಾಲು ಹಿಡಿಯುತ್ತಿದ್ದೆ. ಅವರು, "ಹೌದಲ್ಲ, ಅದೂ ಹೌದು" ಅಂದರು. ಬಿಚ್ಚಿದ ಚಪ್ಪಲಿಯೊಳಗೆ ಮತ್ತೆ ಕಾಲು ತೂರಿಸಿದರು. ಚೀಲ ನನ್ನ ಕೈಗೆ ಕೊಟ್ಟರು. "ಇದನ್ನಾದ್ರೂ ತಿನ್ಲಿ. ನಾನು ಕೊಟ್ಟದ್ದು ಅಂತ ಸಮಯ ನೋಡಿ ಹೇಳು, ಆಯ್ತಾ? ಮರೀಬೇಡ."

"ಹೇಳ್ತೇನೆ ಚಿಕ್ಕಮ್ಮ" ಅಂದೆ.

ಒಳಗೆ ಬಂದಾಗ ಅಮ್ಮ, "ಯಾರು?" ಎಂದು ಕೇಳಿದಳು. "ಕೊರಿಯರ್‌ನವ" ಅಂದೆ. ಅದೇ ಮಧ್ಯಾಹ್ನ ಆ ನಾಲ್ಕು ಹಣ್ಣನ್ನೂ ತುರಿದು ಕೇಕು ಮಾಡಿದೆ. ಅಮ್ಮ ಅವತ್ತು ಒಂದು ಇಡೀ ತುಂಡು ತಿಂದಳು. ಹೇಳಲು ಬಾಯಿ ತೆರೆದೆ, ದೇವರಾಣೆ ತೆರೆದೆ. ಇವತ್ತು ಬೇಡ, ನಾಳೆ ಹೇಳುವ ಅನ್ನಿಸಿತು. ಆಮೇಲೆ ಚಿಕ್ಕಮ್ಮ ಎರಡು ಸಲ ಫೋನು ಮಾಡಿ, "ಬರ್ಲಾ?" ಎಂದು ಕೇಳಿದರು. ಎರಡು ಸಲವೂ, ಇನ್ನು ಸ್ವಲ್ಪ ದಿನ ಹೋಗಲಿ ಎಂದೆ. ಇನ್ನೆಷ್ಟು ದಿನ ಹೋಗಬೇಕಿತ್ತು ನನಗೆ? ದಿನಗಳು ಯಾರ ಹತ್ತಿರ ಇದ್ದವು?

ಮೂರು ವಾರ ಕಳೆದು ಅಮ್ಮನನ್ನು ನೆರೂಳದ ಆಸ್ಪತ್ರೆಗೆ ಸೇರಿಸಿದೆವು. ಎರಡನೆಯ ಮಧ್ಯಾಹ್ನ ಅಣ್ಣ ಊಟಕ್ಕೆ ಕೆಳಗೆ ಹೋಗಿದ್ದ. ಅಮ್ಮ ಕಣ್ಣು ತೆರೆದು ನನ್ನನ್ನು ಹತ್ತಿರ ಕರೆದಳು. ತುಟಿ ಒಣಗಿತ್ತು, ಆದರೆ ಮಾತು ಸ್ಪಷ್ಟವಾಗಿತ್ತು.

"ನಿನ್ನ ಬಾಳೆಹಣ್ಣಿನ ಕೇಕು ಲಾಯ್ಕಿತ್ತು ಮಗಾ" ಅಂದಳು. ನಕ್ಕಳು. "ಅರವತ್ತು ವರ್ಷ ಒಲೆಯ ಮುಂದೆ ನಿಂತವಳು ನಾನು. ಬಾಳೆಹಣ್ಣು ಯಾವುದು, ಆಪಲ್ ಯಾವುದು ಅಂತ ನನಗೆ ಗೊತ್ತಾಗುದಿಲ್ವಾ? ಮೊದಲ್ನೇ ತುಂಡಿನಲ್ಲೇ ಗೊತ್ತಾಯ್ತು. ನೀವು ಇಷ್ಟು ಕಷ್ಟಪಡ್ತಾ ಇದ್ದೀರಿ, ಪಾಪ, ಇರ್ಲಿ ಅಂತ ಸುಮ್ಮನಿದ್ದೆ."

ಅಮ್ಮ ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು ಮತ್ತೆ ಹೇಳಿದಳು, "ಎಲ್ಲರೂ ಬಂದ್ರು. ಅವಳೊಬ್ಬಳು ಬರ್ಲಿಲ್ಲ. ನಾನು ಹೋಗ್ತಾ ಇದ್ದೇನೆ ಅಂತ ಅವಳಿಗೆ ಗೊತ್ತುಂಟಾ? ಗೊತ್ತಿದ್ದೂ ಬರ್ಲಿಲ್ವಾ?"

ಅಷ್ಟು ಸರಿಯಾಗಿ ಕೇಳಿದ್ದಳು. ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಬಂದಿದ್ದರು ಅಮ್ಮ, ಬಾಗಿಲವರೆಗೆ ಬಂದಿದ್ದರು, ನಾನೇ ತಿರುಗಿಸಿ ಕಳಿಸಿದೆ, ಅವರು ತಂದ ಹಣ್ಣನ್ನು ನೀನು ತಿಂದಿದ್ದೀ. ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನಾಲ್ಕು ತಿಂಗಳು ಒಂದೇ ಸುಳ್ಳು ಹೇಳಿ ಹೇಳಿ ನನ್ನ ಬಾಯಿಗೆ ಬೇರೆ ಮಾತು ಮರೆತೇ ಹೋಗಿತ್ತು.

"ಎಲ್ಲಿಗೆ ಹೋಗುದು ನೀನು? ಬರೀ ಅಲ್ಸರ್ ಅಮ್ಮ. ಬರುವ ವಾರ ಮನೆಗೆ ಹೋಗುವ" ಅಂದೆ.

ಅಮ್ಮ "ಆಯ್ತು" ಎಂದು ಹೇಳಿ ಗೋಡೆಯ ಕಡೆ ತಿರುಗಿದಳು. ನಾನು ಕಾರಿಡಾರಿಗೆ ಓಡಿ ಚಿಕ್ಕಮ್ಮನಿಗೆ ಫೋನು ಹಚ್ಚಿದೆ, ಈಗಲೇ ಹೊರಡಿ ಎಂದೆ. ಬದಲಾಪುರದಿಂದ ಥಾಣೆಗೆ ಬಂದು, ಅಲ್ಲಿ ಗಾಡಿ ಬದಲಿಸಿ ನೆರೂಳಕ್ಕೆ ಬರಬೇಕಲ್ಲ. ಅವರು ಮುಟ್ಟುವಷ್ಟರಲ್ಲಿ ಅಮ್ಮನಿಗೆ ಎಚ್ಚರ ತಪ್ಪಿತ್ತು. ಮರುದಿನ ಬೆಳಿಗ್ಗೆ ಹೋದಳು. ಅಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟು, "ಒಂದು ಸಮಾಧಾನ. ಕೊನೆಯವರೆಗೂ ಅವಳಿಗೆ ಗೊತ್ತಾಗ್ಲಿಲ್ಲ" ಅಂದ. ಅವನ ಕೆನ್ನೆಗೆ ಹೊಡೆಯುವಷ್ಟು ಸಿಟ್ಟು ಬಂತು. ಹೊಡೆಯಲು ನನಗೆ ಯಾವ ಮುಖ ಇತ್ತು? ಅಮ್ಮನಿಗೆ ಎಲ್ಲ ಗೊತ್ತಿತ್ತು ಎಂದು ಅವನಿಗೆ ನಾನು ಇವತ್ತಿಗೂ ಹೇಳಿಲ್ಲ.

ಹದಿಮೂರನೆಯ ದಿನದ ಊಟ ಮುಗಿದು ಪಾತ್ರೆ ಎತ್ತಿಡುವಾಗ ಚಿಕ್ಕಮ್ಮ ಅಡುಗೆಮನೆಗೆ ಬಂದರು. ನನ್ನ ಕೈ ಹಿಡಿದುಕೊಂಡರು. "ಆ ಆಪಲ್ ತಿಂದ್ಲಾ ಅಕ್ಕ?"

"ತಿಂದ್ಲು. ಕೇಕ್ ಮಾಡಿ ಕೊಟ್ಟೆ."

"ನಾನು ತಂದದ್ದು ಅಂತ ಹೇಳಿದ್ದೀಯಲ್ಲ?"

"ಹೇಳಿದೆ" ಅಂದೆ.

ಚಿಕ್ಕಮ್ಮ ಅಲ್ಲೇ ನೆಲದ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತರು. ಅತ್ತು ಮುಗಿದ ಮೇಲೆ ಅವರ ಮುಖ ಎಷ್ಟೋ ಹಗುರವಾಗಿತ್ತು. "ಆ ಕೇಕು ನನಗೂ ಒಮ್ಮೆ ಮಾಡಿ ಕೊಡು. ಅಕ್ಕ ತಿಂದದ್ದು ಹೇಗಿತ್ತು ಅಂತ ನಾನೂ ನೋಡ್ತೇನೆ" ಅಂದರು.

ಒಮ್ಮೆ ಎಂದದ್ದು ಈಗ ತಿಂಗಳಿಗೊಮ್ಮೆ ಆಗಿದೆ. ಕೇಕನ್ನು ಡಬ್ಬಿಯಲ್ಲಿ ಹಾಕಿ ಬದಲಾಪುರ ಲೋಕಲ್ ಹತ್ತುತ್ತೇನೆ. ಲೇಡಿಸ್ ಡಬ್ಬದಲ್ಲಿ ಹೆಂಗಸರು ಮೂಗು ಅರಳಿಸಿ, "ಕಾಯ್ ಮಸ್ತ್ ವಾಸ್!" ಎಂದು ಪರಿಮಳ ಹೊಗಳುತ್ತಾರೆ. ಚಿಕ್ಕಮ್ಮ ಬಾಗಿಲಲ್ಲೇ ಕಾದಿರುತ್ತಾರೆ. ಒಂದು ತುಂಡು ತಿಂದು, ಚಹಾ ಕುಡಿದು, ಮಕ್ಕಳು ಕತೆ ಕೇಳುವ ಹಾಗೆ ಕೇಳುತ್ತಾರೆ, "ನಾನು ತಂದದ್ದು ಅಂತ ಹೇಳಿದಾಗ ಅಕ್ಕ ಎಂತ ಹೇಳಿದ್ಲು? ಇನ್ನೊಮ್ಮೆ ಹೇಳು." ಮೊದಲ ಸಲ ನಾನು, ಖುಷಿಯಾದಳು ಎಂದಷ್ಟೇ ಹೇಳಿದ್ದೆ. ಅದು ಅವರಿಗೆ ಸಾಕಾಗಲಿಲ್ಲ. ಮುಂದಿನ ಸಲ, "ಅವಳು ಬಂದಿದ್ಲಾ ಎಂದು ಕೇಳಿದಳು" ಎಂದು ಸೇರಿಸಿದೆ. ಆಮೇಲೆ, "ಹಾಗಾದ್ರೆ ಇನ್ನೊಂದು ತುಂಡು ಕೊಡು ಅಂದಳು" ಎಂದೆ. ಕೇಕಿನ ಹದದ ಹಾಗೆ ಸುಳ್ಳಿನ ಹದವೂ ಕೈಗೆ ಕೂತಿದೆ.

ಹೋದ ತಿಂಗಳು ಎಲ್ಲ ಕೇಳಿ ಮುಗಿಸಿ ಚಿಕ್ಕಮ್ಮ ನನ್ನ ತಲೆ ಸವರಿದರು. "ನೀನು ಇದ್ದದ್ದಕ್ಕೆ ಆಯ್ತು ಮಗಾ. ಇಲ್ಲದಿದ್ರೆ ತಂಗಿ ಬರ್ಲೇ ಇಲ್ಲ ಅಂತ ನೊಂದುಕೊಂಡೇ ಅಕ್ಕ ಹೋಗ್ತಿದ್ಲು" ಅಂದರು.

"ಹೌದು ಚಿಕ್ಕಮ್ಮ" ಅಂದೆ.