ಗಿಣ್ಣಿನ ಡಬ್ಬಿ

ಈ ಭಾನುವಾರ ಬೆಳಿಗ್ಗೆ ಎದುರುಮನೆಯ ರೇಣುಕಾ ಒಂದು ಸ್ಟೀಲ್ ಡಬ್ಬಿ ತಂದು ನನ್ನ ಕೈಗಿಟ್ಟಳು. "ಗಿಣ್ಣು ರೀ ಅಕ್ಕಾರೆ. ಬಿಸಿ ಐತಿ, ನೋಡ್ಕಂಡು ಹಿಡ್ಕಳ್ರಿ" ಎಂದವಳೇ, ಒಲೆಯ ಮೇಲೆ ಏನೋ ಇಟ್ಟು ಬಂದವಳಂತೆ ಓಡಿದಳು. ಮುಚ್ಚಳ ತೆಗೆಯುವ ಮೊದಲೇ ಏಲಕ್ಕಿ, ಬೆಲ್ಲದ ವಾಸನೆ ಮೂಗಿಗೆ ಬಂತು. ಬಾಯಲ್ಲಿ ನೀರೂರಿತು ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಲಿಗೆಗೆ ಬುದ್ಧಿ ಹೇಳುವುದು ಅಷ್ಟು ಸುಲಭವಾಗಿದ್ದರೆ ಈ ಬರಹವೇ ಬೇಕಿರಲಿಲ್ಲ.

ಗಿಣ್ಣು ತಿಂದವರಿಗೆ ನಾನು ವಿವರಿಸಬೇಕಿಲ್ಲ. ತಿನ್ನದವರಿದ್ದರೆ ಕೇಳಿ: ಹಸು ಕರು ಹಾಕಿದ ಮೇಲೆ ಕರೆಯುವ ಮೊದಮೊದಲ ಹಾಲಿಗೆ ಬೆಲ್ಲ ಹಾಕಿ ಹಬೆಯಲ್ಲಿಟ್ಟರೆ ತಾನೇ ಗಟ್ಟಿಯಾಗಿ ನಿಲ್ಲುತ್ತದೆ, ಅದೇ ಗಿಣ್ಣು. ನಮ್ಮ ಕಡೆ ಅದನ್ನು ಒಬ್ಬರೇ ತಿನ್ನುವಂತಿಲ್ಲ, ಓಣಿಯ ಮನೆಮನೆಗೂ ಹೋಗಬೇಕು. ಕೊಟ್ಟವರ ಪಾತ್ರೆಯನ್ನು ಖಾಲಿ ವಾಪಸ್ ಕೊಡುವಂತಿಲ್ಲ. ಒಂದು ಅಚ್ಚು ಬೆಲ್ಲವನ್ನಾದರೂ ಹಾಕಿ ಕೊಡಬೇಕು. ಒಂದು ಕಾಲದಲ್ಲಿ ನಾನು ಇಂಥ ಡಬ್ಬಿಯ ಅಂಚಿಗೆ ಅಂಟಿದ್ದನ್ನೂ ಬೆರಳಲ್ಲಿ ಬಳಿದು ತಿಂದುಬಿಡುತ್ತಿದ್ದೆ. ಈಗ ಅದನ್ನು ಸಹಿಗೆ ಬಂದ ಫೈಲಿನಂತೆ ಮುಂದಿಟ್ಟುಕೊಂಡು ಕೂತೆ. ಕೂತಾಗ ಗಿರಿಜಕ್ಕ ನೆನಪಾದರು.

ಗಿರಿಜಕ್ಕ ಹುಟ್ಟಿದ್ದು ಸೊರಬದ ಹೊಸಬಾಳೆಯಲ್ಲಿ. ಸೊರಬದ ಕಡೆಯದೇ ಒಂದು ಹಳ್ಳಿಯ ಹಾಲಿನ ಡೇರಿಯಲ್ಲಿ ಬಹಳ ವರ್ಷ ಟೆಸ್ಟರ್ ಆಗಿದ್ದರು. ಯಾರ ಮನೆಯ ಹಾಲಿನಲ್ಲಿ ಎಷ್ಟು ನೀರು, ಯಾವ ಮನೆಯವರು ಎಷ್ಟು ಜಗಳಗಂಟರು ಎರಡೂ ಅವರಿಗೆ ಬಾಯಿಪಾಠ. ಎರಡು ತಿಂಗಳು ನಿಂತಿದ್ದ ಕ್ಯಾನು ಒಂದು ದಿನ ಮತ್ತೆ ಬಂತೆಂದರೆ ಆ ಮನೆಯಲ್ಲಿ ಹಸು ಕರು ಹಾಕಿದೆ ಎಂದು ಅರ್ಥ. ಗಂಡ ತೀರಿಕೊಂಡ ಮೇಲೆ, ತಮ್ಮ ಪಾಲಿನ ಜಮೀನು ಉಡುತಡಿ ರಸ್ತೆಯಲ್ಲಿದ್ದುದರಿಂದ, ಶಿಕಾರಿಪುರಕ್ಕೆ ಬಂದು ನಮ್ಮ ಓಣಿಯ ಕೊನೆಯ ಮನೆಯಲ್ಲಿ ನಿಂತರು. ಬಂದ ಹೊಸತರಲ್ಲಿ ನಾನು ಚಹಾಕ್ಕೆ ಕರೆದೆ. ಹಾಲು ಬೇಡ ಎಂದರು. ಶುಗರ್ ಇರಬೇಕು ಎಂದು ನಾನು ಸಕ್ಕರೆಯನ್ನೂ ಹಾಕದೆ, ಒಂದು ಲೋಟ ಕಪ್ಪು ಕಹಿಯನ್ನು ಅವರ ಮುಂದೆ ಇಟ್ಟೆ. ಪಾಪ, ಮುಖ ಹಿಂಡಿಕೊಂಡೇ ಕುಡಿದು ಮುಗಿಸಿದರು.

ಆಮೇಲೆ ಕಾರಣ ಹೇಳಿದರು. "ಒಂದು ವರ್ಷ ಊರ ತುಂಬಾ ಕ್ಯಾನು ಮತ್ತೆ ಬಂದ್ವು ಕಣೇ. ಎಂತಕ್ಕೋ ತಲೇಲಿ ಹುಳ ಹೊಕ್ತು. ಕೊಟ್ಟಿಗೆ ಕೊಟ್ಟಿಗೆಗೂ ಹೋಗಿ ನೋಡಿದೆ. ಕಟ್ಟಿದ್ದೆಲ್ಲಾ ಹೆಣ್ಣುಕರ. ಗಂಡು ಹುಟ್ಟಲೇ ಇಲ್ವನೇ ಹಂಗಾರೆ? ಹೂಡೋಕೆ ಟ್ರ್ಯಾಕ್ಟರ್ ಬಂದ್ಮೇಲೆ ಅವು ಯಾರಿಗೆ ಬೇಕು ಹೇಳು. ಹುಟ್ಟಿದ ಕೂಡ್ಲೇ ಎಲ್ಲೋ ಸಾಗಿಸ್ತಿದ್ರು. ನಾನು ದಿನಾ ಅಳೀತಿದ್ದ ಹಾಲು ಆ ಕರಗಳ ಪಾಲಿಂದೇ ಅಲ್ವಾ?" ಅವತ್ತು ಹಾಲು ಬಿಟ್ಟರಂತೆ, ಕೆಲವು ತಿಂಗಳಾದ ಮೇಲೆ ಕೆಲಸವನ್ನೂ ಬಿಟ್ಟರು. ಇದಕ್ಕೆ ವೀಗನ್ ಅನ್ನುತ್ತಾರೆ ಎಂದು ನಾನು ಮೊಬೈಲ್ ನೋಡಿ ನನ್ನ ಪಾಂಡಿತ್ಯ ತೋರಿಸಿದೆ. "ಹೆಸರು ಎಂತಾದ್ರೂ ಇರ್ಲಿ ಮಾರಾಯ್ತಿ, ಚಾಕ್ಕೆ ಸಕ್ಕರೆ ಹಾಕು" ಎಂದರು.

ಕರುಗಳನ್ನು ಉಳಿಸಿಕೊಳ್ಳುವ ಅವರ ರೀತಿ ನೋಡಬೇಕಿತ್ತು ನೀವು. ಭಾಷಣವಿಲ್ಲ, ಬ್ಯಾನರ್ ಇಲ್ಲ. ಯಾರದಾದರೂ ಮನೆಯಿಂದ ಗಿಣ್ಣು ಬಂದರೆ ಬೇಡ ಎನ್ನುತ್ತಿರಲಿಲ್ಲ, ತೆಗೆದುಕೊಳ್ಳುತ್ತಿದ್ದರು. ಅದನ್ನು ಬೀದಿನಾಯಿಗಳಿಗೆ ಹಾಕಿ, ಪಾತ್ರೆ ಬೆಳಗಿ, ಅದರ ತುಂಬ ಹಾಲುಬಾಯಿ ಹಾಕುತ್ತಿದ್ದರು. ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಲು ಸೇರಿಸಿ ಗೊಟಾಯಿಸಿ ಮಾಡುವ ಸಿಹಿ ಅದು. ಕತ್ತರಿಸಿಟ್ಟರೆ ಗಿಣ್ಣಿನ ತುಂಡೇ. ಪಾತ್ರೆಯನ್ನು ತಾವೇ ಹೊತ್ತು ಆ ಮನೆಗೆ ಹೋಗುವರು. "ಪಾತ್ರೆ ಕೊಟ್ಟು ಹೋಗಾಣ ಅಂತ ಬಂದೆ. ಕರ ಎಲ್ಲಿ? ನೋಡಾಣ." ಸಿಹಿ ತಂದವರಿಗೆ ಕರು ತೋರಿಸುವುದಿಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಗಂಡುಕರುವಾದರೆ ಕೊಟ್ಟಿಗೆಯಲ್ಲೇ ಕೂತುಬಿಡುವರು. "ಇವತ್ತು ಹೊಟ್ಟೆ ತುಂಬಾ ಕುಡೀಲಿ. ನಿಮಗೆ ಬೇಡಾದ್ರೆ ಆಮೇಲೆ ನನಗೆ ಕೊಡಿ."

ಹಾಗೆ ಬಂದ ಕರುಗಳಿಗೆ ಉಡುತಡಿ ರಸ್ತೆಯ ಆ ಜಮೀನಿನಲ್ಲಿ ಶೆಡ್ ಎದ್ದಿತು. ಎಬ್ಬಿಸಿದವರು ಹೆಂಗಸರೇ. ಪೇಟೆಯಲ್ಲಿ ಗಾದಿ ಹೊಲಿಯುವ ಮನೆಯ ಅಮೀನಾಬಿ, ಗಿರಿಜಕ್ಕ, ಇನ್ನೂ ನಾಲ್ಕು ಜನ ಸೇರಿ ನಾಮಕರಣ, ಸೀಮಂತಗಳಿಗೆ ಅಡುಗೆ ಆರ್ಡರ್ ಹಿಡಿದರು. ಒತ್ತುಶಾವಿಗೆಗೆ ಕಾಯಿಹಾಲು, ಹೋಳಿಗೆಗೂ ಕಾಯಿಹಾಲು, ಒಗ್ಗರಣೆಗೆ ಶೇಂಗಾ ಎಣ್ಣೆ. ತುಪ್ಪ ಎಲ್ಲಿ ಎಂದು ಯಾವ ನೆಂಟರೂ ಕೇಳಿದ್ದು ನಾನು ಕಾಣೆ, ಎಲ್ಲರೂ ಎರಡನೇ ಸಲ ಬಡಿಸಿಕೊಂಡವರೇ. ಬಂದದ್ದೆಲ್ಲ ತಗಡಿಗೆ, ಮೇವಿಗೆ, ದನದ ಡಾಕ್ಟರಿಗೆ. "ಗಂಡಸರ ಕಡೆಯಿಂದ ಏನೂ ಬರ್ಲಿಲ್ವಾ?" ಎಂದು ನಾನೊಮ್ಮೆ ಕೇಳಿದೆ. "ಬಂತಲ್ರೀ, ಸಲಹೆ" ಎಂದರು ಅಮೀನಾಬಿ. "ಕರ ಅದನ್ನ ಮೂಸೀನೂ ನೋಡ್ಲಿಲ್ಲ."

ಈಗ ನನ್ನ ವಿಷಯಕ್ಕೆ ಬರಬೇಕು. ಸುತ್ತಿ ಬಳಸಿ ಇಷ್ಟು ಹೊತ್ತು ತಳ್ಳಿದೆ ಎಂದು ನಿಮಗೂ ಗೊತ್ತಾಗಿರಬಹುದು.

ಆಗ ನಮ್ಮ ಹಿತ್ತಿಲಲ್ಲಿ ಗೌರಿ ಎಂಬ ಮಿಶ್ರತಳಿ ಹಸು ಇತ್ತು. ಒಂದು ಬೆಳಗಿನ ಜಾವ ಕರು ಹಾಕಿತು. ಗಂಡು. ನಾನು ಸರ್ಕಾರಿ ಕಚೇರಿಯೊಂದರ ಕೌಂಟರಿನಲ್ಲಿ ಕೂರುವವಳು. ದಿನಕ್ಕೆ ಹತ್ತು ಜನಕ್ಕೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂದು ಹೇಳುವುದು ನನ್ನ ಅಭ್ಯಾಸ. ಆದರೆ ಅವತ್ತು ನಾಳೆಗೆ ಬಿಡಲಿಲ್ಲ. ಅತ್ತೆ, "ಒಂದು ವಾರ ಇರ್ಲಿ ಬಿಡವ್ವಾ" ಎಂದರು. ಈ ಹಸು ಕರುವಿಲ್ಲದೆಯೂ ಹಾಲು ಬಿಡುತ್ತದೆ, ಸುಮ್ಮನೆ ಒಂದು ಬಾಯಿ ಯಾಕೆ ಎಂದು ನಾನೇ ಗೂಡ್ಸ್ ಆಟೋದವನಿಗೆ ಫೋನ್ ಮಾಡಿದೆ. ಅವನು ಕರುವನ್ನು ತಾಳಗುಂದದ ಕಡೆ ಎಲ್ಲೋ ಬಿಟ್ಟು ಬಂದ. ಗೌರಿಯ ಮೊದಲ ಹಾಲು ಕರೆದು, ಬೆಲ್ಲ ಹಾಕಿ ಗಿಣ್ಣು ಮಾಡಿ ಓಣಿಗೆಲ್ಲ ಹಂಚಿದೆ. ಗಿರಿಜಕ್ಕನ ಮನೆಗೂ ಕೊಟ್ಟೆ. ನಗಬೇಡಿ. ಎಲ್ಲರಿಗೂ ಕೊಟ್ಟು ಅವರೊಬ್ಬರನ್ನು ಬಿಟ್ಟರೆ ಗುಟ್ಟು ಬಯಲಾಗುತ್ತದೆ ಎಂದು ನನ್ನ ಬುದ್ಧಿವಂತಿಕೆ.

ಸಂಜೆ ಐದಕ್ಕೆ ಗಿರಿಜಕ್ಕ ಡಬ್ಬಿ ಹಿಡಿದು ಬಂದರು. "ಕರ ಎಲ್ಲಿ?"

"ಉಳೀಲಿಲ್ಲ ಅಕ್ಕಾ" ಎಂದೆ.

ಅವರು ಕೊಟ್ಟಿಗೆಗೆ ಹೋದರು. ಗೌರಿ ಹಗ್ಗ ಜಗ್ಗಿಕೊಂಡು, ಬೆಳಿಗ್ಗೆ ಆಟೋ ಹೋದ ದಿಕ್ಕಿಗೆ ಮುಖ ಮಾಡಿ ಕೂಗುತ್ತಿತ್ತು. ಗಿರಿಜಕ್ಕ ಅದರ ಬೆನ್ನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಬಯ್ಯುತ್ತಾರೆ ಎಂದು ಕಾದೆ. ಬಯ್ದಿದ್ದರೆ ಎದುರು ಮಾತಾಡಿ ಗೆಲ್ಲಬಹುದಿತ್ತು.

"ಎಲ್ಲಿ ಬಿಟ್ಟೆ ಹೇಳು. ಚಪ್ಪಲಿ ಮೆಟ್ಟು, ನಡಿ."

ಅಡುಗೆ ಪಾತ್ರೆ ಸಾಗಿಸಲು ಅಮೀನಾಬಿ ಒಂದು ಚಿಕ್ಕ ಗೂಡ್ಸ್ ಗಾಡಿ ಇಟ್ಟುಕೊಂಡಿದ್ದರು, ಅವರೇ ಓಡಿಸುವುದು. ಮೂವರೂ ಹೊರಟೆವು. ದಾರಿಯುದ್ದಕ್ಕೂ ಹಿಂದೆ ಎರಡು ಖಾಲಿ ಕೊಳಗ ಬಡಿದುಕೊಳ್ಳುತ್ತಿದ್ದವು. ಆಟೋದವನು ಫೋನಿನಲ್ಲಿ ಗುರುತು ಹೇಳಿದ್ದ ಮೋರಿಯ ಹತ್ತಿರ, ಮೆಕ್ಕೆಜೋಳದ ಹೊಲದ ಬದುವಿನಲ್ಲಿ ಅದು ಮಲಗಿತ್ತು. ಹೊಕ್ಕುಳ ಇನ್ನೂ ಹಸಿ. ನಾನು ಹತ್ತಿರ ಹೋದಾಗ ನನ್ನ ಸೆರಗನ್ನೇ ಬಾಯಿಗೆ ತೆಗೆದುಕೊಂಡು ಚೀಪತೊಡಗಿತು. ಎತ್ತಿಕೊಂಡು ಬಂದು ಗೌರಿಯ ಕೆಚ್ಚಲಿಗೆ ಬಿಟ್ಟೆವು. ಎಳೆಯುವ ಶಕ್ತಿ ಅದಕ್ಕಿರಲಿಲ್ಲ. ಹುಟ್ಟಿದ ಗಳಿಗೆಯಲ್ಲೇ ಗಿಣ್ಣುಹಾಲು ಹೊಟ್ಟೆಗೆ ಬೀಳಬೇಕಿತ್ತು, ತಡವಾಯಿತು ಎಂದರು ಡಾಕ್ಟರು. ಅದರ ಪಾಲಿನದನ್ನು ನಾನು ಏಲಕ್ಕಿ ಹಾಕಿ ಓಣಿಗೆ ಹಂಚಿದ್ದೆ.

ಮೂರನೆಯ ದಿನ ಕರು ಸತ್ತಿತು. ಗಿರಿಜಕ್ಕ ಅದನ್ನು ಹೂಳಿ ಕೈತೊಳೆದು ಬಂದು, "ಅಳ್ತಾ ಕೂರ್ಬೇಡ. ಗೌರೀನ ಮಾರ್ಬೇಡ, ನನ್ನ ಶೆಡ್ಡಿಗೆ ಬಿಡು" ಎಂದರು. ಅಷ್ಟೇ. ಆ ಮೇಲೆ ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ.

ಅಂದಿನಿಂದ ನಾನು ಹಾಲು ಬಿಟ್ಟೆ. ಸಂಬಳದಲ್ಲಿ ಒಂದು ಭಾಗ ಶೆಡ್ಡಿಗೆ ಕೊಡುತ್ತೇನೆ, ಭಾನುವಾರ ಹೋಗಿ ಹುಲ್ಲು ಹಾಕುತ್ತೇನೆ. ಆದರೆ ಒಬ್ಬರ ಬಾಗಿಲಿಗೆ ಹೋಗಿ ಕರು ಎಲ್ಲಿ ಎಂದು ಕೇಳಿದವಳಲ್ಲ. ದುಡ್ಡು ಕೊಟ್ಟು ಮನೆಗೆ ಬರಬಹುದು. ಆ ಪ್ರಶ್ನೆ ಕೇಳಿದ ಮೇಲೆ ಅದೇ ಓಣಿಯಲ್ಲಿ ಬಾಳಬೇಕಲ್ಲ! ಅದನ್ನು ಗಿರಿಜಕ್ಕನಿಗೆ ಬಿಟ್ಟಿದ್ದೆ. ಈಗ ಅವರ ಮಂಡಿ ಸವೆದಿದೆ. ಶೆಡ್ಡಿನ ಹತ್ತಿರವೇ ಒಂದು ಕೋಣೆ ಹಾಕಿಸಿಕೊಂಡು, ಕುರ್ಚಿಯಲ್ಲಿ ಕೂತೇ ಎಲ್ಲರನ್ನೂ ಕುಣಿಸುತ್ತಾರೆ. ಓಣಿಗೆ ಬರಲಾರರು. ಈ ವರ್ಷ ಓಣಿಯಲ್ಲಿ ಎಷ್ಟೋ ಡಬ್ಬಿಗಳು ಓಡಾಡಿದವು. ಯಾರೂ ಏನೂ ಕೇಳಲಿಲ್ಲ.

ರೇಣುಕಾಳ ಡಬ್ಬಿ ಇನ್ನೂ ಬಿಸಿಯಾಗಿತ್ತು. ಹಾಲುಬಾಯಿ ಗೊಟಾಯಿಸುತ್ತ ಕೂತರೆ ಮಧ್ಯಾಹ್ನವಾಗುತ್ತದೆ. ಗಿಣ್ಣನ್ನು ಬೇರೆ ಪಾತ್ರೆಗೆ ಸುರಿದು, ಡಬ್ಬಿ ತೊಳೆದು, ಎರಡು ಅಚ್ಚು ಬೆಲ್ಲ ಹಾಕಿ ರಸ್ತೆ ದಾಟಿದೆ. ಹತ್ತು ಹೆಜ್ಜೆಯ ರಸ್ತೆ.

"ಇಷ್ಟು ಲಗೂನ ಯಾಕ್ರೀ ಅಕ್ಕಾರೆ ತಂದ್ರಿ?" ಎಂದಳು ರೇಣುಕಾ.

"ಕರು ನೋಡಾಣ ಅಂತ ಬಂದೆ. ಎಲ್ಲೈತಿ?"

ಅವಳು ಹಿತ್ತಿಲ ಕಡೆ ನೋಡಿದಳು. "ಗಂಡುಕರ ರೀ. ನಾಳೆ ಗಾಡಿಯೋನು ಬರ್ತೀನಿ ಅಂದಾನ."

"ಹಾಲು ಕುಡಿದೈತಾ?"

"ಗಿಣ್ಣಿಗೆ ಬೇಕಾಗಿತ್ತಲ್ರೀ... ಒಂದೀಟು ಕುಡಿದೈತಿ."

"ಈಗ ಬಿಡು ಅದನ್ನ, ಹೊಟ್ಟೆ ತುಂಬಾ ಕುಡೀಲಿ. ಗಾಡಿಯೋನಿಗೆ ಬರಬೇಡ ಅಂತ ಫೋನ್ ಮಾಡು. ತಾಯಿ ಹತ್ರ ಇಟ್ಕಂಡು ಕುಡಿಸು. ನಿಮಗೆ ಬೇಡಾಗಿದ್ರೆ ಆಮೇಲೆ ನಾನೇ ಒಯ್ತೀನಿ."

"ಮನೆಯೋರನ್ನ ಕೇಳಿ ನಾಳೆ ಹೇಳ್ತೀನ್ರೀ."

"ನಾಳೆ ಅಲ್ಲ ರೇಣುಕಾ. ಈಗ."

ನನ್ನ ಬಾಯಿಂದ ಬಂದ ಮಾತು ಅದು. ನನ್ನ ಕೌಂಟರಿನ ಮುಂದೆ ಸಾಲು ನಿಂತವರು ಕೇಳಿದ್ದರೆ ನಂಬುತ್ತಿರಲಿಲ್ಲ. ರೇಣುಕಾ ಒಂದು ಗಳಿಗೆ ನನ್ನ ಮುಖ ನೋಡಿದಳು. ಗಂಡನನ್ನು ಕೂಗಿ ಗಾಡಿಯವನಿಗೆ ಫೋನ್ ಮಾಡಿಸಿದಳು, ಆಮೇಲೆ ಕರುವಿನ ಹಗ್ಗ ಬಿಚ್ಚಿದಳು. ಅದು ತಾಯಿಯ ಕಾಲಿಗೆ ಎಡವಿ, ಹುಡುಕಿ, ಕೆಚ್ಚಲಿಗೆ ಬಾಯಿ ಹಾಕಿತು. ನಾನು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತೆ.

ಅಷ್ಟರಲ್ಲಿ ಗಿರಿಜಕ್ಕನ ಫೋನು. "ಎಲ್ಲಿದೀಯೇ? ಹುಲ್ಲು ಹಾಕೋಕೆ ಬರ್ಲಿಲ್ಲ?"

"ಗಿಣ್ಣಿನ ಡಬ್ಬಿ ವಾಪಸ್ ಕೊಡೋಕೆ ಬಂದಿದೀನಿ ಅಕ್ಕಾ."

ಆ ಕಡೆ ಕುರ್ಚಿ ಕಿರುಗುಟ್ಟಿತು.

"ಗಂಡಾ?"

"ಹೌದು."

"ಕುಡೀತಾ ಇದ್ಯಾ?"

"ಕುಡೀತಾ ಇದೆ."

"ಹಂಗಾರೆ ಏಳಬೇಡ" ಎಂದರು. "ಹೊಟ್ಟೆ ತುಂಬೋವರೆಗೂ ಅಲ್ಲೇ ಕೂತಿರು."

ಕೂತೇ ಇದ್ದೆ.